ಹೊಸ ಪಿಸ್ತೂಲು ಕೈಕೊಟ್ಟರೆ ಏನು ಮಾಡಬೇಕು?

ಪರವಾನಗಿಗಾಗಿ ತಿಂಗಳುಗಟ್ಟಲೆ ಓಡಾಡಿ, ದುಬಾರಿ ಬೆಲೆ ತೆತ್ತು ತಂದ ಪಿಸ್ತೂಲು ಮೊದಲ ಮ್ಯಾಗಜೀನಿನಲ್ಲೇ ಸಿಕ್ಕಿಕೊಂಡರೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಜನ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಸ್ಲೈಡನ್ನು (ಹಿಂದಕ್ಕೂ ಮುಂದಕ್ಕೂ ಜಾರುವ ಮೇಲ್ಭಾಗ) ಬಲವಂತವಾಗಿ ಜಗ್ಗಾಡುತ್ತಾರೆ, ಇಲ್ಲವೇ ಪರಿಚಯದ ಲೇತ್ ಅಂಗಡಿಯವನ ಹತ್ತಿರ ಒಯ್ದು ಒಂಚೂರು ಅರ ಹಾಕಿಸುತ್ತಾರೆ. ಮೊದಲನೆಯದು ಅಪಘಾತಕ್ಕೆ ದಾರಿ. ಎರಡನೆಯದು ನೇರವಾಗಿ ಕಾನೂನಿನ ಉಲ್ಲಂಘನೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ಮಾರುವುದಕ್ಕೆ ಹೇಗೋ ಹಾಗೆ ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು. ಇಟ್ಟುಕೊಳ್ಳಲು ಕೊಟ್ಟ ಪರವಾನಗಿ ರಿಪೇರಿಗೆ ಆಗುವುದಿಲ್ಲ.

ನಿಮ್ಮ ಕೆಲಸ ರಿಪೇರಿಯಲ್ಲ, ಪತ್ತೆ. ತಪ್ಪು ತೋಟಾದಲ್ಲಿದೆಯೋ, ಮ್ಯಾಗಜೀನಿನಲ್ಲಿದೆಯೋ, ಎಣ್ಣೆಯಲ್ಲಿದೆಯೋ, ಹಿಡಿತದಲ್ಲಿದೆಯೋ, ನಿಜಕ್ಕೂ ಪಿಸ್ತೂಲಿನಲ್ಲೇ ಇದೆಯೋ ಎಂದು ಒಂದೊಂದಾಗಿ ಬೇರ್ಪಡಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಬರೆದಿಡುವುದು. ಇಷ್ಟು ಮಾಡಿದರೆ ಡೀಲರ್ ಮುಂದೆ ನಿಂತಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ನಮ್ಮಲ್ಲಿ ಸಾಮಾನ್ಯ ಪರವಾನಗಿಯ ಕೈಬಂದೂಕೆಂದರೆ ಬಹುಪಾಲು .32 ಬೋರ್. ಹಾಗಾಗಿ ಇಲ್ಲಿನ ವಿವರವೆಲ್ಲ .32 ಪಿಸ್ತೂಲಿನದು, ರಿವಾಲ್ವರಿನ ವಿಷಯ ಕೊನೆಯ ಹೊತ್ತಿಗೆ ಬರುತ್ತದೆ.

ಸಿಕ್ಕಿಕೊಂಡ ಆ ಕ್ಷಣ

ಟ್ರಿಗರ್ ಒತ್ತಿದಿರಿ, 'ಟಕ್' ಎಂದಿತು, ಗುಂಡು ಹಾರಲಿಲ್ಲ. ಬೆರಳನ್ನು ಟ್ರಿಗರಿನಿಂದ ತೆಗೆಯಿರಿ. ನಳಿಗೆ ಗುರಿಯ ಕಡೆಗೇ ಇರಲಿ. ಕನಿಷ್ಠ 30 ಸೆಕೆಂಡ್ ಹಾಗೆಯೇ ಹಿಡಿದಿರಿ, ಯಾಕೆಂದರೆ ಕೆಲವು ತೋಟಾಗಳು ತಡವಾಗಿ ಹೊತ್ತಿಕೊಳ್ಳುತ್ತವೆ. ಆಮೇಲೆ ಮ್ಯಾಗಜೀನ್ ಹೊರಗೆ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ತೋಟಾ ಹೊರಬಿದ್ದ ಮೇಲೆ ಚೇಂಬರನ್ನು (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಕಣ್ಣಿಂದಲೂ ಕಿರುಬೆರಳಿಂದಲೂ ಪರೀಕ್ಷಿಸಿ. ಈ ಕ್ರಮ ತಿರುವುಮುರುವಾಗಬಾರದು. ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ ಒಂದು ತೋಟಾ ಹೊರಬಿದ್ದ ಜಾಗಕ್ಕೆ ಇನ್ನೊಂದು ಬಂದು ಕೂತಿರುತ್ತದೆ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಸದ್ದು ಎಂದಿನಂತೆ ಬರದೆ 'ಪುಸ್' ಎಂದು ಸಣ್ಣಗೆ ಬಂತು, ಕೈಗೆ ಒದೆತವೇ ತಿಳಿಯಲಿಲ್ಲ ಎಂದಾದರೆ ಅಲ್ಲಿಗೇ ನಿಲ್ಲಿಸಿ. ಮದ್ದು ಕಡಿಮೆಯಾದ ಅಥವಾ ಇಲ್ಲವೇ ಇಲ್ಲದ ತೋಟಾದ ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಪಿಸ್ತೂಲನ್ನು ಪೂರ್ತಿ ಖಾಲಿ ಮಾಡಿ, ಕೈಪಿಡಿಯಂತೆ ಬಿಚ್ಚಿದ ಮೇಲೆ ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ನೋಡಿ. ಹಾಯದಿದ್ದರೆ ನೀವೇ ಕಂಬಿ ಹಾಕಿ ಬಡಿಯಬೇಡಿ. ರೇಂಜ್ ಅಧಿಕಾರಿಗೆ ತಿಳಿಸಿ, ಹಾಗೆಯೇ ಗನ್‌ಸ್ಮಿತ್‌ಗೆ ಒಪ್ಪಿಸಿ.

ಒಂದು ಸಲ ಒತ್ತಿದರೆ ಎರಡು ಗುಂಡು ಹಾರುವುದು, ಸೇಫ್ಟಿ ಹಾಕಿದ್ದರೂ ಹ್ಯಾಮರ್ ಬೀಳುವುದು, ಸ್ಲೈಡ್ ಮುಚ್ಚಿದೊಡನೆ ತಾನಾಗಿಯೇ ಹಾರುವುದು: ಈ ಮೂರರಲ್ಲಿ ಯಾವುದು ಕಂಡರೂ ಮುಂದಿನ ಪರೀಕ್ಷೆಗಳಾವುವೂ ಬೇಡ. ಆ ಪಿಸ್ತೂಲಿಗೆ ಮತ್ತೆ ತೋಟಾ ತುಂಬಬಾರದು. ನೇರ ಡೀಲರ್ ಬಳಿಗೆ.

ಮೊದಲು ತೋಟಾದ ಡಬ್ಬಿ ನೋಡಿ

'.32' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ತೋಟಾಗಳು ಮಾರಾಟವಾಗುತ್ತವೆ. ರಿವಾಲ್ವರಿನದು .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್: ಹಿಂಬದಿಯಲ್ಲಿ ಅಗಲವಾದ ಅಂಚು, ಸಾಮಾನ್ಯವಾಗಿ ಸೀಸದ ಗುಂಡು. ಪಿಸ್ತೂಲಿನದು 7.65 ಮಿ.ಮೀ. ಬ್ರೌನಿಂಗ್, ಅಂದರೆ .32 ಎಸಿಪಿ: ಗಿಡ್ಡ ಕೇಸ್ (ಮದ್ದು ತುಂಬಿದ ಲೋಹದ ಕೊಳವೆ), ತಾಮ್ರದ ಬಣ್ಣದ ಹೊದಿಕೆಯ ಗುಂಡು, ಅಂಚು ಇದ್ದೂ ಇಲ್ಲದಷ್ಟು ಸಣ್ಣದು. ರಿವಾಲ್ವರಿನ ತೋಟಾ ಪಿಸ್ತೂಲಿನ ಮ್ಯಾಗಜೀನಿಗೆ ಹಿಡಿಸುವುದಿಲ್ಲ, ಆದ್ದರಿಂದ ಅಲ್ಲಿ ತಪ್ಪು ತಕ್ಷಣ ಗೊತ್ತಾಗುತ್ತದೆ. ಆದರೆ ಪಿಸ್ತೂಲಿನ ತೋಟಾ ಅನೇಕ .32 ರಿವಾಲ್ವರುಗಳ ಚೇಂಬರಿನೊಳಗೆ ಇಳಿದುಬಿಡುತ್ತದೆ. ಅದರ ಒತ್ತಡ ರಿವಾಲ್ವರಿನ ತೋಟಾಕ್ಕಿಂತ ಹೆಚ್ಚು, ಹಾರಿಸಲೇಬಾರದು. ಅಂಗಡಿಯವರು ಕೊಟ್ಟ ಡಬ್ಬಿಯ ಮೇಲಿನ ಹೆಸರನ್ನೂ ನಳಿಗೆಯ ಮೇಲಿನ ಗುರುತನ್ನೂ ಅಕ್ಷರ ಅಕ್ಷರ ಹೋಲಿಸಿ.

ಹೆಸರು ಸರಿಯಿದ್ದರೆ ತೋಟಾಗಳನ್ನು ಒಂದೊಂದಾಗಿ ಮೇಜಿನ ಮೇಲೆ ನಿಲ್ಲಿಸಿ ನೋಡಿ. ಪ್ರೈಮರ್ (ತೋಟಾದ ಹಿಂಬದಿಯ ನಡುವೆ ಇರುವ, ಮದ್ದಿಗೆ ಕಿಡಿ ಕೊಡುವ ಭಾಗ) ಹಿಂಬದಿಯ ಮಟ್ಟಕ್ಕಿಂತ ಮೇಲೆದ್ದಿದೆಯೇ, ಗುಂಡು ಕೇಸಿನೊಳಗೆ ಕುಸಿದು ಉಳಿದವಕ್ಕಿಂತ ಗಿಡ್ಡವಾಗಿದೆಯೇ, ಹಸಿರು ಕಿಲುಬು ಹಿಡಿದಿದೆಯೇ? ಅಂಥವನ್ನು ಬೇರೆ ಇಡಿ. ಡಬ್ಬಿಯ ಲಾಟ್ ಸಂಖ್ಯೆ (ತೋಟಾಗಳು ಯಾವ ಕಂತಿನಲ್ಲಿ ತಯಾರಾದವು ಎಂಬ ಗುರುತು) ಬರೆದುಕೊಳ್ಳಿ. ಸಾಧ್ಯವಾದರೆ ಬೇರೆ ಲಾಟಿನದು ಇನ್ನೊಂದು ಡಬ್ಬಿ ತನ್ನಿ, ಪರೀಕ್ಷೆಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ದೋಷವೆಂದು ಕಾಣುವ, ದೋಷವಲ್ಲದ ಸಂಗತಿಗಳು

ಕೈಪಿಡಿ ಓದದೆ ವಾಪಸ್ ತರುವ ಪಿಸ್ತೂಲುಗಳು ಕಡಿಮೆಯಲ್ಲ. ಹಲವು ಮಾದರಿಗಳಲ್ಲಿ ಮ್ಯಾಗಜೀನ್ ಹೊರಗಿದ್ದರೆ ಟ್ರಿಗರ್ ಸತ್ತಂತೆ ಇರುತ್ತದೆ. ಅದು ಸುರಕ್ಷತೆಗಾಗಿ ಬೇಕೆಂದೇ ಮಾಡಿದ್ದು. ಹಿಡಿಕೆಯ ಹಿಂದೆ ಗ್ರಿಪ್ ಸೇಫ್ಟಿ ಇರುವ ಮಾದರಿಗಳಲ್ಲಿ ಅಂಗೈ ಪೂರ್ತಿ ಕೂರದಿದ್ದರೆ ಹಾರುವುದಿಲ್ಲ. ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲಲಿಲ್ಲ ಎಂಬುದೂ ದೂರಾಗಿ ಬರುತ್ತದೆ. ಹಳೆಯ ವಿನ್ಯಾಸದ ಎಷ್ಟೋ .32 ಪಿಸ್ತೂಲುಗಳಲ್ಲಿ ಆ ವ್ಯವಸ್ಥೆಯೇ ಇಲ್ಲ.

ಕಾರ್ಖಾನೆಯ ಗ್ರೀಸ್

ಹೊಸ ಪಿಸ್ತೂಲಿಗೆ ಹಚ್ಚಿರುವ ಅಂಟಂಟಾದ ಪದಾರ್ಥ ತುಕ್ಕು ಹಿಡಿಯದಿರಲೆಂದು, ಹಾರಿಸಲಿಕ್ಕೆಂದಲ್ಲ. ಗೋದಾಮಿನಲ್ಲಿ ಬಹುಕಾಲ ಇದ್ದರೆ ಅದು ಗಟ್ಟಿಯಾಗಿ ಸ್ಲೈಡಿನ ವೇಗ ತಗ್ಗಿಸುತ್ತದೆ, ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನನ್ನು ನಿಧಾನವಾಗಿಸುತ್ತದೆ. ಕೈಪಿಡಿ ತೋರಿಸುವಷ್ಟನ್ನೇ ಬಿಚ್ಚಿ: ಸ್ಲೈಡ್, ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವುದು), ನಳಿಗೆ ಬಿಚ್ಚುವಂಥದಾದರೆ ನಳಿಗೆ. ಪಿನ್ ಹೊಡೆದು ತೆಗೆಯಬೇಕಾದ ಯಾವ ಭಾಗವನ್ನೂ ಮುಟ್ಟಬೇಡಿ.

ಗನ್ ಸಾಲ್ವೆಂಟ್, 7.65 ಮಿ.ಮೀ. ಅಳತೆಯ ಕಂಚಿನ ಬ್ರಶ್, ಹತ್ತಿಬಟ್ಟೆಯ ತುಂಡುಗಳು, ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ನಳಿಗೆಗೆ ಬ್ರಶ್ ಎಂಟು ಹತ್ತು ಸಲ ಆಡಿಸಿ, ಬಟ್ಟೆ ಬಿಳಿಯಾಗಿ ಹೊರಬರುವ ತನಕ ಒರೆಸಿ. ಚೇಂಬರಿನ ಒಳಗೋಡೆಗೂ, ಎಕ್ಸ್‌ಟ್ರಾಕ್ಟರ್ ಕೊಕ್ಕೆಯ (ಚೇಂಬರಿನಿಂದ ಕೇಸನ್ನು ಹಿಡಿದೆಳೆಯುವ ಭಾಗ) ಅಡಿಗೂ ವಿಶೇಷ ಗಮನ ಕೊಡಿ. ಗ್ರೀಸ್ ಅಲ್ಲಿ ಅವಿತು ಕೂತಿರುತ್ತದೆ. ಪೂರ್ತಿ ಒಣಗಿದ ಮೇಲೆ ಸ್ಲೈಡ್ ಜಾರುವ ಪ್ರತಿ ರೈಲಿಗೆ (ಹಳಿಗೆ) ಒಂದೇ ಹನಿ ಗನ್ ಆಯಿಲ್, ನಳಿಗೆಯ ಹೊರಮೈಗೆ ಬೆರಳಿನಲ್ಲಿ ಸವರಿದಷ್ಟು. ಸ್ಲೈಡನ್ನು ಹತ್ತು ಸಲ ಆಡಿಸಿ, ಹೊರಗೆ ಬಂದ ಎಣ್ಣೆ ಒರೆಸಿ.

ಫೈರಿಂಗ್ ಪಿನ್ನಿನ ತೂತಿಗೆ, ಮ್ಯಾಗಜೀನಿನ ಒಳಗೆ, ಚೇಂಬರಿಗೆ, ತೋಟಾಗಳಿಗೆ ಎಣ್ಣೆ ಹಾಕಬಾರದು. ಪಿನ್ನಿನ ತೂತಿನಲ್ಲಿ ಎಣ್ಣೆ ಮಸಿ ಮತ್ತು ಧೂಳು ಸೇರಿ ಕೆಸರಾಗುತ್ತದೆ, ಪ್ರೈಮರಿಗೆ ಎಣ್ಣೆ ಜಿನುಗಿದರೆ ತೋಟಾ ಹೊತ್ತಿಕೊಳ್ಳದೆ ಹೋಗಬಹುದು. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಖಂಡಿತ ಬೇಡ, ಆರಿದರೆ ಅಂಟಾಗುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚರ್ಮದ ಹೋಲ್‌ಸ್ಟರಿನೊಳಗೆ ಪಿಸ್ತೂಲು ಇಟ್ಟು ಬೀರು ಮುಚ್ಚಿದರೆ ತುಕ್ಕು ಬರುವುದು ಗ್ಯಾರಂಟಿ. ಚರ್ಮ ತೇವ ಹಿಡಿದಿಡುತ್ತದೆ.

ಖಾಲಿ ಪಿಸ್ತೂಲಿನಲ್ಲಿ ಮಾಡುವ ಪರೀಕ್ಷೆ

ತೋಟಾಗಳು ಬೇರೆ ಕೋಣೆಯಲ್ಲಿರಲಿ. ಚೇಂಬರ್ ಖಾಲಿ ಎಂದು ಎರಡು ಸಲ ನೋಡಿದ ಮೇಲೆ, ಗಟ್ಟಿ ಗೋಡೆಯ ಕಡೆ ನಳಿಗೆ ತಿರುಗಿಸಿ ಹೀಗೆ ಮಾಡಿ:

1. ಹ್ಯಾಮರ್ ಎತ್ತಿ ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಒತ್ತಿ. ಬೀಳಬಾರದು. ಟ್ರಿಗರ್ ಬಿಟ್ಟು ಸೇಫ್ಟಿ ತೆಗೆಯಿರಿ. ಆಗಲೂ ತಾನಾಗಿ ಬೀಳಬಾರದು.
2. ಸೇಫ್ಟಿ ಇಲ್ಲದೆ ಟ್ರಿಗರ್ ಒತ್ತಿ, ಹ್ಯಾಮರ್ ಬೀಳಲಿ. ಒತ್ತಿದ ಬೆರಳನ್ನು ಬಿಡದೆ ಸ್ಲೈಡ್ ಪೂರ್ತಿ ಎಳೆದು ಬಿಡಿ. ಹ್ಯಾಮರ್ ಎದ್ದೇ ನಿಲ್ಲಬೇಕು. ಈಗ ಬೆರಳು ನಿಧಾನ ಸಡಿಲಿಸಿದರೆ ಸಣ್ಣ 'ಕ್ಲಿಕ್' ಕೇಳಬೇಕು, ಮತ್ತೆ ಒತ್ತಿದರೆ ಬೀಳಬೇಕು. ಬೆರಳು ಬಿಡುವ ಮೊದಲೇ ಹ್ಯಾಮರ್ ಬಿದ್ದರೆ ಡಿಸ್‌ಕನೆಕ್ಟರ್ (ಒಂದು ಸಲ ಒತ್ತಿದರೆ ಒಂದೇ ಗುಂಡು ಹಾರುವಂತೆ ತಡೆಯುವ ಭಾಗ) ದೋಷ; ಅದು ಒಮ್ಮೆಗೆ ಎರಡು ಗುಂಡು ಹಾರಿಸುವ ಪಿಸ್ತೂಲು.
3. ನಳಿಗೆ ಮೇಲ್ಮುಖವಾಗಿಟ್ಟು ಸ್ಲೈಡನ್ನು ಅರ್ಧ ಎಳೆದು ಮೆಲ್ಲಗೆ ಬಿಡಿ. ಸ್ಪ್ರಿಂಗ್ ಬಲವೊಂದರಿಂದಲೇ ಪೂರ್ತಿ ಮುಚ್ಚಬೇಕು. ಎಲ್ಲಾದರೂ ತಡವರಿಸಿದರೆ ರೈಲಿನ ಯಾವ ಜಾಗದಲ್ಲಿ ಬಣ್ಣ ಸವೆದಿದೆ ನೋಡಿ, ಫೋಟೊ ತೆಗೆದಿಡಿ.
4. ಬಿಚ್ಚಿದ ಸ್ಲೈಡಿನಲ್ಲಿ ಒಂದು ಖಾಲಿ ಕೇಸನ್ನು ಕೆಳಗಿನಿಂದ ಎಕ್ಸ್‌ಟ್ರಾಕ್ಟರ್ ಅಡಿಗೆ ಸರಿಸಿ. ಮೆಲ್ಲಗೆ ಅಲ್ಲಾಡಿಸಿದರೆ ಬೀಳದೆ ನಿಲ್ಲಬೇಕು.

ಇದೇ ಪರೀಕ್ಷೆಗಳನ್ನು .32ರ ಡಮ್ಮಿ ತೋಟಾ ಹಾಕಿಯೂ ಮಾಡಬಹುದು. ನಿಜವಾದ ತೋಟಾಗಳಿಂದ ಮನೆಯಲ್ಲಿ 'ಫೀಡ್ ಆಗುತ್ತದೆಯೇ ನೋಡೋಣ' ಎಂಬ ಪ್ರಯೋಗ ಬೇಡವೇ ಬೇಡ.

ರೇಂಜಿನಲ್ಲಿ

ಹಾರಿಸಿ ನೋಡುವುದು ಅನುಮತಿಯಿರುವ ರೇಂಜಿನಲ್ಲಿ ಮಾತ್ರ. ತೋಟದ ಮೂಲೆ, ಕೆರೆಯಂಗಳ, ಮನೆಯ ತಾರಸಿ ಯಾವುದೂ ಅಲ್ಲ. 2019ರ ತಿದ್ದುಪಡಿಯ ನಂತರ ಇತರರ ಸುರಕ್ಷತೆಗೆ ಅಪಾಯವಾಗುವಂತೆ ಅಜಾಗರೂಕವಾಗಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್ ಕಡ್ಡಾಯ.

ಮ್ಯಾಗಜೀನುಗಳ ತಳಕ್ಕೆ ಮಾರ್ಕರಿನಿಂದ 1, 2 ಎಂದು ಬರೆಯಿರಿ. ಮೊದಲು ಒಂದೇ ತೋಟಾ ತುಂಬಿ ಹಾರಿಸಿ. ಆಮೇಲೆ ಎರಡು, ಡಬಲ್ ಆಗುವ ಪಿಸ್ತೂಲು ಇಲ್ಲಿ ಸಿಕ್ಕಿಬೀಳುತ್ತದೆ, ಅದೂ ಕಡಿಮೆ ಅಪಾಯದಲ್ಲಿ. ಅದು ಸರಿಯಿದ್ದರೆ ಮೂರು, ಕೊನೆಗೆ ಪೂರ್ತಿ. ಸ್ಲೈಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಡಬೇಡಿ, ಪೂರ್ತಿ ಎಳೆದು ಒಮ್ಮೆಲೇ ಬಿಡಿ. ಪ್ರತಿ ತಡೆಗೂ ಎಷ್ಟನೇ ತೋಟಾ, ಯಾವ ಮ್ಯಾಗಜೀನ್, ಯಾವ ಲಾಟ್, ಹೇಗೆ ನಿಂತಿತ್ತು ಎಂದು ಬರೆಯಿರಿ. ಬಿಡಿಸುವ ಮುನ್ನ ಫೋಟೊ ತೆಗೆಯಲು ಪಕ್ಕದವರಿಗೆ ಹೇಳಿ; ನಳಿಗೆ ಗುರಿಯ ಕಡೆಗಿದ್ದು ನಿಮ್ಮ ಬೆರಳು ಹೊರಗಿರಲಿ, ಅವರು ನಿಮ್ಮ ಹಿಂದೆಯೇ ನಿಂತಿರಲಿ.

'ಇನ್ನೂರು ಗುಂಡು ಹಾರಿಸಿ, ತಾನಾಗಿ ಸರಿಹೋಗುತ್ತದೆ' ಎಂಬ ಸಲಹೆ ಹೊರದೇಶದ ಶೂಟರುಗಳಿಂದ ಬಂದದ್ದು. ಹೊಸ ಲೋಹ ಪಳಗಲು ಸ್ವಲ್ಪ ಸಮಯ ಬೇಕೆಂಬುದು ಸುಳ್ಳಲ್ಲ. ಆದರೆ ಪರವಾನಗಿಯಲ್ಲೇ ವರ್ಷಕ್ಕೆ ಇಂತಿಷ್ಟು ತೋಟಾ ಎಂದು ಮಿತಿಯಿರುವ ನಮ್ಮಲ್ಲಿ ಅದು ನಡೆಯುವ ಮಾತಲ್ಲ. ಶುಚಿ ಮಾಡಿದ ಪಿಸ್ತೂಲು, ಎರಡು ಮ್ಯಾಗಜೀನ್, ಎರಡು ಲಾಟ್, ಒಟ್ಟು ಐವತ್ತು ಗುಂಡಿನೊಳಗೆ ಒಂದೇ ಬಗೆಯ ತಡೆ ಮತ್ತೆ ಮತ್ತೆ ಬಂದರೆ ವಾಪಸ್ ಒಯ್ಯಲು ಅಷ್ಟೇ ಕಾರಣ ಸಾಕು.

ತಡೆಯ ಗುರುತು, ಅದರ ಕಾರಣ

ಬಹುತೇಕ .32 ಪಿಸ್ತೂಲುಗಳು ಬ್ಲೋಬ್ಯಾಕ್ ವಿಧಾನದವು. ನಳಿಗೆಯೂ ಸ್ಲೈಡೂ ಒಂದಕ್ಕೊಂದು ಲಾಕ್ ಆಗುವುದಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಬಲವೇ ಚೇಂಬರನ್ನು ಮುಚ್ಚಿ ಹಿಡಿಯುತ್ತದೆ, ಹೊಗೆಯ ಒತ್ತಡವೇ ಖಾಲಿ ಕೇಸನ್ನು ಹಿಂದಕ್ಕೆ ತಳ್ಳಿ ಸ್ಲೈಡನ್ನು ಓಡಿಸುತ್ತದೆ. .32ರ ಒದೆತ ಹೇಗೂ ಕಡಿಮೆ. ಆದ್ದರಿಂದ ತೋಟಾ ಸ್ವಲ್ಪ ಬಲಹೀನವಾದರೂ, ರೈಲಿನಲ್ಲಿ ಗ್ರೀಸ್ ಗಟ್ಟಿಯಾಗಿದ್ದರೂ, ಹಿಡಿದ ಮಣಿಕಟ್ಟು ಸಡಿಲವಿದ್ದರೂ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ. ಖಾಲಿ ಕೇಸ್ ಹೊರಬೀಳುವ ಸ್ಲೈಡಿನ ಕಿಂಡಿಯಲ್ಲಿ ಅದು ನೆಟ್ಟಗೆ ನಿಂತು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇದರಿಂದಲೇ. ಅನುಭವವಿರುವ ಇನ್ನೊಬ್ಬ ಪರವಾನಗಿದಾರರು ರೇಂಜ್ ನಿಯಮದಂತೆ ನಿಮ್ಮ ಎದುರಿಗೇ ಹಾರಿಸಿ ನೋಡಲಿ. ಅವರ ಕೈಯಲ್ಲೂ ಹಾಗೇ ಆದರೆ ಹಿಡಿತದ ಪ್ರಶ್ನೆ ಮುಗಿಯಿತು. ಲಾಟ್ ಬದಲಾಯಿಸಿದರೂ ಆದರೆ ಎಜೆಕ್ಟರ್ (ಖಾಲಿ ಕೇಸನ್ನು ಹೊರಗೆಸೆಯುವ ಭಾಗ), ಎಕ್ಸ್‌ಟ್ರಾಕ್ಟರ್ ಅಥವಾ ಅತಿ ಗಡಸು ರಿಕಾಯಿಲ್ ಸ್ಪ್ರಿಂಗಿನ ಮೇಲೆ ಅನುಮಾನ.

ಖಾಲಿ ಕೇಸ್ ಚೇಂಬರಿನಲ್ಲೇ ಉಳಿದುಬಿಟ್ಟರೆ ಅದು ಬೇರೆ ಕಥೆ. ಬ್ಲೋಬ್ಯಾಕಿನಲ್ಲಿ ಕೇಸ್ ಒತ್ತಡಕ್ಕೇ ಹೊರಬರಬೇಕು. ಬರಲಿಲ್ಲವೆಂದರೆ ಚೇಂಬರ್ ಒರಟಾಗಿದೆ ಅಥವಾ ಕೊಳಕಾಗಿದೆ. ಕೇಸಿನ ಮೈಮೇಲೆ ಉದ್ದಕ್ಕೂ ಗೀರು ಕಂಡರೆ ಅದನ್ನು ಜೋಪಾನವಾಗಿಡಿ. ಕಾರ್ಖಾನೆಯ ಕೊರೆತ ಸರಿಯಾಗಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

.32 ಎಸಿಪಿಗೇ ವಿಶೇಷವಾದ ತೊಂದರೆ ಅಂಚಿನ ಸಿಕ್ಕು. ಈ ತೋಟಾದ ಹಿಂದಿನ ಅಂಚು ಕೇಸಿಗಿಂತ ತುಸು ಹೊರಗೆ ಚಾಚಿರುತ್ತದೆ. ಮ್ಯಾಗಜೀನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಬಿದ್ದರೆ, ಸ್ಲೈಡ್ ಎಷ್ಟು ತಳ್ಳಿದರೂ ಮೇಲಿನ ತೋಟಾ ಮುಂದಕ್ಕೆ ಜಾರುವುದಿಲ್ಲ. ಮೂತಿ ಕೆಳಗಾಗಿ ನಿಂತುಬಿಡುತ್ತದೆ, ಸ್ಲೈಡನ್ನು ಹತ್ತು ಸಲ ಎಳೆದರೂ ಬಿಡುವುದಿಲ್ಲ. ಮ್ಯಾಗಜೀನನ್ನು ಹೊರತೆಗೆದು ಹೆಬ್ಬೆರಳಿನಿಂದ ಮೇಲಿನ ತೋಟಾವನ್ನು ಮುಂದಕ್ಕೆ ತಳ್ಳಿ ನೋಡಿ. ಅಲುಗಾಡದಿದ್ದರೆ ಇದೇ ರೋಗ. ತೆಳ್ಳನೆಯ ಮರದ ಕಡ್ಡಿಯಿಂದ ಎರಡನೆಯ ತೋಟಾವನ್ನು ಕೆಳಕ್ಕೆ ಅದುಮಿ ಹಿಡಿದು ಮೇಲಿನದನ್ನು ಬಿಡಿಸಿಕೊಳ್ಳಿ. ಉಕ್ಕಿನ ಸ್ಕ್ರೂಡ್ರೈವರ್ ಬೇಡ. ಹಾಲೋಪಾಯಿಂಟ್ (ಗುಂಡಿನ ಮೂತಿಯಲ್ಲಿ ಗುಳಿಯಿರುವ) ತೋಟಾಗಳು ಸಾಮಾನ್ಯ ತೋಟಾಕ್ಕಿಂತ ಒಂದೆರಡು ಮಿ.ಮೀ. ಗಿಡ್ಡವಿರುವುದರಿಂದ ಮ್ಯಾಗಜೀನಿನಲ್ಲಿ ಹಿಂದೆಮುಂದೆ ಓಲಾಡಲು ಜಾಗ ಸಿಕ್ಕಿ ಈ ಸಿಕ್ಕು ಹೆಚ್ಚು. ಸುಮಾರು 25 ಮಿ.ಮೀ. ಉದ್ದದ, ಹೊದಿಕೆಯಿರುವ ದುಂಡುಮೂತಿಯ ತೋಟಾ ಬಳಸಿ, ತುಂಬುವಾಗ ಪ್ರತಿ ಅಂಚೂ ಕೆಳಗಿನದರ ಮುಂದೆ ಕೂತಿದೆಯೇ ನೋಡಿ ತುಂಬಿ. ಇಷ್ಟರಲ್ಲೇ ಅನೇಕರ 'ಕೆಟ್ಟ ಪಿಸ್ತೂಲು' ಸರಿಹೋಗುತ್ತದೆ.

ಹೊಸ ತೋಟಾ ಏರುವ ದಾರಿಯಲ್ಲಿ ಮೂತಿ ತಾಗಿ ನಿಲ್ಲುತ್ತಿದ್ದರೆ ಮ್ಯಾಗಜೀನ್ ಬದಲಿಸಿ. 1ರಲ್ಲಿ ಮಾತ್ರ ಆಗಿ 2ರಲ್ಲಿ ಆಗದಿದ್ದರೆ 1ರ ತುಟಿಗಳು (ತೋಟಾವನ್ನು ಹಿಡಿದಿಡುವ ಮೇಲಿನ ಅಂಚುಗಳು) ಬಗ್ಗಿವೆ ಅಥವಾ ಅದರ ಸ್ಪ್ರಿಂಗ್ ಸರಿಯಿಲ್ಲ. ಎರಡರಲ್ಲೂ ಆದರೆ ತೋಟಾ ಚೇಂಬರಿಗೆ ಏರುವ ಇಳಿಜಾರು, ಅಂದರೆ ಫೀಡ್ ರ‍್ಯಾಂಪ್ ಒರಟಾಗಿದೆ ಎಂದು ಅರ್ಥ. ಅಲ್ಲಿ ಎಮೆರಿ ಕಾಗದ ಉಜ್ಜುವ ಆಸೆ ಎಲ್ಲರಿಗೂ ಬರುತ್ತದೆ. ಕೋನ ಒಂದಿಷ್ಟು ತಪ್ಪಿದರೂ ಕೇಸಿನ ಬುಡಕ್ಕೆ ಆಸರೆ ತಪ್ಪಿ ಅದು ಸೀಳಬಹುದು. ವಾರಂಟಿಯೂ ಹೋಗುತ್ತದೆ.

ಹಾರದ ತೋಟಾದ ಪ್ರೈಮರನ್ನು ಬೆಳಕಿಗೆ ಹಿಡಿಯಿರಿ. ಆಳವಾದ, ನಡುಮಧ್ಯದ ಗುಳಿ ಇದ್ದೂ ಹಾರದಿದ್ದರೆ ತೋಟಾದ ತಪ್ಪು. ಮೇಲುಮೇಲಿನ ಗುಳಿಯಾದರೆ ಮೂರು ಸಾಧ್ಯತೆ: ಪಿನ್ನಿನ ತೂತಿನಲ್ಲಿ ಗ್ರೀಸ್, ದುರ್ಬಲ ಹ್ಯಾಮರ್ ಸ್ಪ್ರಿಂಗ್, ಅಥವಾ ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲ. ಗುಳಿಯೇ ಇಲ್ಲದಿದ್ದರೆ ಪಿನ್ ಮುರಿದಿರಬಹುದು ಅಥವಾ ಸಿಕ್ಕಿಕೊಂಡಿರಬಹುದು. ಇಂಥ ತೋಟಾಗಳನ್ನು ಜೇಬಿಗೆ ಹಾಕಿಕೊಳ್ಳದೆ ಫೋಟೊ ತೆಗೆದು ರೇಂಜಿನವರ ಸುಪರ್ದಿಗೆ ಕೊಡಿ.

ರಿವಾಲ್ವರ್ ಆದರೆ

ಮ್ಯಾಗಜೀನಿನ ಗೊಡವೆಯಿಲ್ಲ, ಆದರೆ ಸಿಲಿಂಡರ್ ಬಿಗಿಯುವ ಕಾಟವಿದೆ. ಎಕ್ಸ್‌ಟ್ರಾಕ್ಟರ್ ನಕ್ಷತ್ರದ (ಖಾಲಿ ಕೇಸುಗಳನ್ನು ಹೊರತಳ್ಳುವ, ನಕ್ಷತ್ರದಾಕಾರದ ಭಾಗ) ಅಡಿಯಲ್ಲಿ ಕೂದಲೆಳೆಯಷ್ಟು ಮಸಿ ಅಥವಾ ಸುಡದ ಮದ್ದಿನ ಕಣ ಸಿಕ್ಕರೂ ಸಿಲಿಂಡರ್ ತಿರುಗಲು ತಿಣುಕುತ್ತದೆ. ಒಣ ಬ್ರಶ್ಶಿನಿಂದ ಒರೆಸಿ ನೋಡಿ. ಮೇಲೆದ್ದ ಪ್ರೈಮರ್ ಹಿಂಬದಿಯ ಗೋಡೆಗೆ ಉಜ್ಜುತ್ತಿದ್ದರೂ ಹಾಗೇ ಆಗುತ್ತದೆ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಾಗುವಂಥ, ಮುಂದಕ್ಕೆ ಮಡಚುವ ರಿವಾಲ್ವರುಗಳಲ್ಲಿ ಖಾಲಿ ಕೇಸ್ ನಕ್ಷತ್ರದ ಅಡಿಗೆ ಜಾರಿ ಕೂರುವುದುಂಟು. ತೆರೆಯುವಾಗ ಪಕ್ಕಕ್ಕೆ ಓರೆ ಮಾಡಿ ಚುರುಕಾಗಿ ತೆರೆಯಿರಿ.

ಟೈಮಿಂಗ್ ಪರೀಕ್ಷೆ, ಅಂದರೆ ಚೇಂಬರ್ ನಳಿಗೆಯ ನೇರಕ್ಕೆ ಸರಿಯಾದ ಹೊತ್ತಿಗೆ ಬರುತ್ತದೆಯೇ ಎಂಬುದು ಮುಖ್ಯ. ಖಾಲಿ ರಿವಾಲ್ವರಿನ ಸಿಲಿಂಡರನ್ನು ಒಂದು ಬೆರಳಿನಿಂದ ಹಗುರಾಗಿ ತಡೆಯುತ್ತಾ ಹ್ಯಾಮರನ್ನು ನಿಧಾನ ಎತ್ತಿ. ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ಲಾಕ್ ಆಗಿರಬೇಕು. ಆರೂ ಚೇಂಬರಿಗೆ ಹೀಗೆ ಮಾಡಿ. ಒಂದರಲ್ಲಿ ತಪ್ಪಿದರೂ ಗುಂಡು ನಳಿಗೆಯ ಅಂಚಿಗೆ ತಾಗಿ ಸೀಸದ ಚೂರು ಪಕ್ಕಕ್ಕೆ ಎರಚುತ್ತದೆ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದು ಫೀಲರ್ ಗೇಜಿನಲ್ಲಿ ಸುಮಾರು 0.10ರಿಂದ 0.25 ಮಿ.ಮೀ. ಒಳಗಿದ್ದರೆ ಚೆನ್ನ.

ಡೀಲರ್ ಬಳಿಗೆ

ಬಿಲ್, ವಾರಂಟಿ ಕಾರ್ಡ್, ಪರವಾನಗಿ, ಎರಡೂ ಮ್ಯಾಗಜೀನ್, ಗೀರು ಬಿದ್ದ ಕೇಸುಗಳು, ನಿಮ್ಮ ಟಿಪ್ಪಣಿ, ಫೋಟೊ. ಪಿಸ್ತೂಲು ಖಾಲಿಯಾಗಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಮೂಲ ಪರವಾನಗಿ ಜೊತೆಗಿರಲಿ. ಹೋಗುವ ಮುನ್ನ ಫೋನ್ ಮಾಡಿ ರಿಪೇರಿಯ ಪರವಾನಗಿಯೂ ಇದೆಯೇ ಕೇಳಿ. ಮಾರಾಟದ ಪರವಾನಗಿ ಇರುವ ಎಲ್ಲರಿಗೂ ಅದು ಇರುವುದಿಲ್ಲ.

ಕಾರ್ಖಾನೆಗೇ ಕಳಿಸಬೇಕೆಂದರೆ ಡೀಲರ್ ಮೂಲಕವೇ ಹೋಗಲಿ. ನೀವಾಗಿ ಕೊರಿಯರಿಗೆ ಕೊಡಬೇಡಿ. ನಿಮ್ಮ ಪರವಾನಗಿ ಕರ್ನಾಟಕಕ್ಕೆ ಸೀಮಿತವಾಗಿದ್ದರೆ ನೀವೇ ಹೊತ್ತುಕೊಂಡು ಕಾನ್ಪುರಕ್ಕೆ ಹೋಗುವಂತೆಯೂ ಇಲ್ಲ. ಕೊಟ್ಟಾಗ ಲಿಖಿತ ರಸೀದಿ ಪಡೆಯಿರಿ: ಮಾದರಿ, ಬೋರ್, ಸಂಖ್ಯೆ, ಮ್ಯಾಗಜೀನ್ ಎಷ್ಟು, ದೋಷವೇನು, ತಾರೀಖು. 'ಚೆಕ್ ಮಾಡಲು' ಎಂದಷ್ಟೇ ಬರೆದರೆ ಒಪ್ಪಬೇಡಿ, ದೋಷವನ್ನು ನಿಮ್ಮ ಮಾತಿನಲ್ಲೇ ಬರೆಸಿ. ಚುನಾವಣೆ ಬಂದು ಠಾಣೆಯವರು ಶಸ್ತ್ರ ಠೇವಣಿ ಇಡಲು ಹೇಳಿದಾಗಲೂ ತೋರಿಸಬೇಕಾದ್ದು ಇದೇ ರಸೀದಿ.

ಬದಲಿ ಪಿಸ್ತೂಲು ಕೊಡಲು ಒಪ್ಪಿದರೆ ಸಂಖ್ಯೆ ಬದಲಾಗುತ್ತದೆ. ಪರವಾನಗಿಯಲ್ಲಿ ಹಳೆಯ ಸಂಖ್ಯೆ ತೆಗೆಸಿ ಹೊಸದನ್ನು ಬರೆಸದೆ ಮನೆಗೆ ತರಬೇಡಿ. ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಆಯುಕ್ತರ ಕಚೇರಿ, ಉಳಿದೆಡೆ ಜಿಲ್ಲಾಧಿಕಾರಿ ಕಚೇರಿ. ಒಬ್ಬರಿಗೆ ಎರಡೇ ಬಂದೂಕು ಎಂಬ ಮಿತಿ 2019ರಿಂದ ಇರುವುದರಿಂದ, ಈಗಾಗಲೇ ಎರಡಿದ್ದವರು ಹಳೆಯದನ್ನು ತೆಗೆಸುವುದನ್ನು ಮೊದಲು ಮುಗಿಸಬೇಕು. ಸಂಖ್ಯೆ ಕೊರೆದಿರುವ ಸ್ಲೈಡ್ ಅಥವಾ ನಳಿಗೆ ಬದಲಿಸುವುದಾದರೂ ಕಚೇರಿಯಲ್ಲಿ ಮೊದಲೇ ಕೇಳಿ.

ಡೀಲರ್ ತಳ್ಳಿಹಾಕಿದರೆ ತಯಾರಕರಿಗೆ ಬರಹದಲ್ಲಿ ದೂರು ಕೊಡಿ, ಉತ್ತರಕ್ಕೆ 15 ದಿನದ ಗಡುವು ಹಾಕಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ.

ರಿಪೇರಿಯಾಗಿ ಬಂದ ಪಿಸ್ತೂಲನ್ನು ಅಂಗಡಿಯಲ್ಲೇ ಸಂಖ್ಯೆ ಹೋಲಿಸಿ ತೆಗೆದುಕೊಳ್ಳಿ. ಯಾವ ಭಾಗ ಬದಲಿಸಿದರು ಎಂದು ಬಿಲ್ಲಿನಲ್ಲಿ ಬರೆಸಿ. ಮೇಲೆ ಹೇಳಿದ ನಾಲ್ಕು ಖಾಲಿ ಪರೀಕ್ಷೆಗಳನ್ನು ಅವರ ಅನುಮತಿ ಪಡೆದು ಅಲ್ಲೇ ಮಾಡಿ. ರೇಂಜಿನಲ್ಲಿ ಮತ್ತೆ ಒಂದು, ಎರಡು, ಮೂರು, ಪೂರ್ತಿ, ಅದೇ ಕ್ರಮ. ಈ ಸಲ ಮೊದಲು ತಡೆ ಕೊಟ್ಟ ಮ್ಯಾಗಜೀನನ್ನೂ ಅದೇ ಲಾಟಿನ ತೋಟಾವನ್ನೂ ಬಳಸಿ.